ಸ್ಕ್ಯಾಟರಿಂಗ್ ಲೆಂಗ್ತ್ ಅನ್ನು ಕಚ್ಚಾ ಲೆಕ್ಕದಿಂದ ಬರೆದು ಕಳಿಸಬೇಡಿ

ಅತಿಶೀತ ಪರಮಾಣುಗಳಿಂದ ಧ್ರುವೀಯ ಅಣು (ಒಂದು ತುದಿ ತುಸು ಧನ, ಇನ್ನೊಂದು ತುಸು ಋಣ ಇರುವ ಅಣು) ಕಟ್ಟುವ ಲೆಕ್ಕಕ್ಕೆ ಕೂತಿರುವ ವಿದ್ಯಾರ್ಥಿಗಳಿಗೆ ಒಂದು ಮನವಿ. ಎಲೆಕ್ಟ್ರಾನ್‌ಗಳ ಲೆಕ್ಕ ಮಾಡುವ ಎಲೆಕ್ಟ್ರಾನಿಕ್ ಸ್ಟ್ರಕ್ಚರ್ ಪ್ರೋಗ್ರಾಂ ಕೊಟ್ಟ ಪೊಟೆನ್ಶಿಯಲ್ (ಪರಮಾಣುಗಳ ಅಂತರ ಬದಲಾದಂತೆ ಶಕ್ತಿ ಬದಲಾಗುವ ರೇಖೆ) ಅನ್ನು ಹಾಗೇ ಹಿಡಿದು ಸ್ಕ್ಯಾಟರಿಂಗ್ ಲೆಂಗ್ತ್ ತೆಗೆದು ಪೇಪರ್ ಬರೆಯಬೇಡಿ. ಅತಿಶೀತದಲ್ಲಿ ಎರಡು ಪರಮಾಣು ಡಿಕ್ಕಿಯಾದಾಗ ಒಂದನ್ನೊಂದು ಎಷ್ಟು ಬಲವಾಗಿ ಪ್ರಭಾವಿಸುತ್ತವೆ ಎಂದು ಹೇಳುವ ಉದ್ದವೇ ಸ್ಕ್ಯಾಟರಿಂಗ್ ಲೆಂಗ್ತ್. ಕಾರಣವನ್ನು ಒಂದೇ ಅಣು ಇಟ್ಟುಕೊಂಡು ಹೇಳುತ್ತೇನೆ: ಪೊಟ್ಯಾಸಿಯಂ-40, ರುಬಿಡಿಯಂ-87 ಪರಮಾಣುಗಳು ಸೇರಿ ಆದದ್ದು. 2008ರಲ್ಲಿ ಅಮೆರಿಕದ ಬೋಲ್ಡರ್‌ನ ಜಿಲಾ ಸಂಸ್ಥೆಯಲ್ಲಿ ಡೆಬೊರಾ ಜಿನ್ ಮತ್ತು ಜುನ್ ಯೆ ಅವರ ತಂಡ ಸುಮಾರು 350 ನ್ಯಾನೋಕೆಲ್ವಿನ್‌ನಲ್ಲಿ ತಳದ ಸ್ಥಿತಿಗೆ ಇಳಿಸಿದ್ದು ಇದೇ ಅಣುವನ್ನು.

ಹೊರಗಿನ ಎರಡು ಎಲೆಕ್ಟ್ರಾನ್‌ಗಳ ಸ್ಪಿನ್ ವಿರುದ್ಧ ದಿಕ್ಕಿಗಿದ್ದರೆ ಸಿಂಗ್ಲೆಟ್, ಒಂದೇ ದಿಕ್ಕಿಗಿದ್ದರೆ ಟ್ರಿಪ್ಲೆಟ್. ಈ ಅಣುವಿನ ಸಿಂಗ್ಲೆಟ್ ಪೊಟೆನ್ಶಿಯಲ್‌ನ ಆಳ ಸುಮಾರು 4200 ವೇವ್‌ನಂಬರ್ (ಶಕ್ತಿ ಅಳೆಯುವ ಒಂದು ಮಾನ). ಉಷ್ಣತೆಯ ಲೆಕ್ಕದಲ್ಲಿ 6000 ಕೆಲ್ವಿನ್. ಪರಮಾಣುಗಳು ಡಿಕ್ಕಿಯಾಗುವ ಶಕ್ತಿಗೂ ಇದಕ್ಕೂ ಸಾವಿರ ಕೋಟಿ ಪಟ್ಟಿಗೂ ಮೀರಿದ ಅಂತರ. ಆ ಆಳದೊಳಗೆ ನೂರರ ಆಸುಪಾಸು ಕಂಪನ ಮಟ್ಟಗಳಿವೆ, ಅಂದರೆ ಪರಮಾಣು ಜೋಡಿಯ ತರಂಗಫಲನ ಆ ಆಳವನ್ನು ಒಂದು ಸಲ ದಾಟುವಷ್ಟರಲ್ಲಿ ಕೂಡಿಸುವ ಫೇಸ್ (ಅಲೆಯ ಏರಿಳಿತದ ಲೆಕ್ಕ) ಸುಮಾರು 100 ಪೈ. ಆಳದಲ್ಲಿ ಶೇ 1 ತಪ್ಪಾದರೆ, ಅಂದರೆ ಬರೀ 42 ವೇವ್‌ನಂಬರ್, ಫೇಸ್ ಶೇ 0.5ರಷ್ಟು ಜಾರುತ್ತದೆ. 100 ಪೈಯಲ್ಲಿ ಶೇ 0.5 ಅಂದರೆ ಅರ್ಧ ಪೈ. ಸ್ಕ್ಯಾಟರಿಂಗ್ ಲೆಂಗ್ತ್ ಈ ಫೇಸ್‌ನ ಟ್ಯಾಂಜೆಂಟ್‌ಗೆ ಕಟ್ಟಿಬಿದ್ದದ್ದು, ಹಾಗಾಗಿ ಅರ್ಧ ಪೈ ಜಾರಿದರೆ ಅದು ಧನವೂ ಆಗಬಹುದು, ಋಣವೂ ಆಗಬಹುದು, ಅನಂತದ ಹತ್ತಿರಕ್ಕೂ ಹೋಗಬಹುದು. ಇಷ್ಟು ಭಾರದ ಅಣುಗಳಲ್ಲಿ ಹತ್ತಾರು ವೇವ್‌ನಂಬರ್ ತಪ್ಪು ಒಳ್ಳೆಯ ಲೆಕ್ಕದಲ್ಲೂ ಉಳಿಯುತ್ತದೆ. ದೊಡ್ಡ ಬೇಸಿಸ್ (ಎಲೆಕ್ಟ್ರಾನ್‌ಗಳನ್ನು ವಿವರಿಸಲು ಬಳಸುವ ಫಲನಗಳ ಗುಂಪು) ಹಾಕಿದ ಮಾತ್ರಕ್ಕೆ ಇದು ಹೋಗುವುದಿಲ್ಲ.

ಹಾಗಾದರೆ ಮಾಡುವುದು ಹೇಗೆ? ಪೊಟೆನ್ಶಿಯಲ್‌ನ ಒಳಭಾಗದ ಆಕಾರವನ್ನು ಸ್ಪೆಕ್ಟ್ರೋಸ್ಕೋಪಿಯಿಂದ (ಅಣು ಹೀರುವ, ಸೂಸುವ ಬೆಳಕಿನ ಅಳತೆಯಿಂದ) ತಿದ್ದಬೇಕು, ಹೊರಭಾಗವನ್ನು ವಾನ್ ಡರ್ ವಾಲ್ಸ್ ಗುಣಾಂಕಗಳಿಂದ, ಅಂದರೆ ದೂರದ ಪರಮಾಣುಗಳ ನಡುವಿನ ನವಿರು ಸೆಳೆತದ ಅಂಕಿಗಳಿಂದ, ಕಟ್ಟಬೇಕು. ಅವುಗಳಲ್ಲಿ ಮುಖ್ಯವಾದದ್ದು ಸಿ6, ಈ ಜೋಡಿಗೆ ಸುಮಾರು 4270 ಪರಮಾಣು ಮಾನ. ಅದರಿಂದ ವಾನ್ ಡರ್ ವಾಲ್ಸ್ ಉದ್ದ (ಆ ಸೆಳೆತ ತಲುಪುವ ದೂರ) 72 ಬೋರ್ (ಪರಮಾಣು ಮಟ್ಟದ ಉದ್ದದ ಮಾನ), ಸರಾಸರಿ ಸ್ಕ್ಯಾಟರಿಂಗ್ ಲೆಂಗ್ತ್ 69 ಬೋರ್ ಬರುತ್ತದೆ. ಈ ಎರಡು ಅಂಕಿಗಳನ್ನು ಧೈರ್ಯವಾಗಿ ಬರೆಯಬಹುದು, ಯಾಕೆಂದರೆ ಅವು ಒಳಗಿನ ಫೇಸ್ ಮೇಲೆ ನಿಂತಿಲ್ಲ. ಒಳ ಹೊರ ಎರಡನ್ನೂ 20ರಿಂದ 25 ಬೋರ್ ನಡುವೆ ಬೆಸೆಯುವಾಗ ಬೆಲೆ ಕೂಡಿದರೆ ಸಾಲದು, ಇಳಿಜಾರೂ ಕೂಡಬೇಕು. ಅಲ್ಲೊಂದು ಸಣ್ಣ ಮುರಿತ ಉಳಿದರೂ ಕೊನೆಯ ಬೌಂಡ್ ಸ್ಟೇಟ್ (ಪರಮಾಣುಗಳು ಸಡಿಲವಾಗಿ ಬಂಧಿಯಾಗಿರುವ ಮೇಲ್ತುದಿಯ ಮಟ್ಟ) ಜಾಗ ಬಿಟ್ಟು ಸರಿಯುತ್ತದೆ. ಪದೇಪದೇ ಕಾಣುವ ಇನ್ನೊಂದು ತಪ್ಪು: ಸಿಂಗ್ಲೆಟ್, ಟ್ರಿಪ್ಲೆಟ್ ಎರಡಕ್ಕೂ ಬೇರೆಬೇರೆ ಫಿಟ್ ಮಾಡಿ ಎರಡು ಸಿ6 ಇಟ್ಟುಕೊಳ್ಳುವುದು. ಆ ದೂರದಲ್ಲಿ ಎರಡರ ನಡುವೆ ಎಕ್ಸ್‌ಚೇಂಜ್ ವ್ಯತ್ಯಾಸ (ಎಲೆಕ್ಟ್ರಾನ್ ಮೋಡಗಳು ಒಂದರ ಮೇಲೊಂದು ಬರುವುದರಿಂದ ಹುಟ್ಟುವುದು) ಮಾತ್ರ ಇರಬೇಕು, ಸಿ6 ಒಂದೇ.

ವಿಧಾನದ ಆಯ್ಕೆಯಲ್ಲೂ ಎಚ್ಚರ ಬೇಕು. ಟ್ರಿಪ್ಲೆಟ್‌ಗೆ ಕಪಲ್ಡ್ ಕ್ಲಸ್ಟರ್ (ಒಂದು ಎಲೆಕ್ಟ್ರಾನ್ ಜೋಡಣೆಯಿಂದ ಹೊರಟು ಅದನ್ನು ತಿದ್ದುತ್ತ ಹೋಗುವ ವಿಧಾನ) ಚೆನ್ನಾಗಿ ನಡೆಯುತ್ತದೆ. ಸಿಂಗ್ಲೆಟ್‌ನಲ್ಲಿ ಬಂಧ ಎಳೆದಂತೆಲ್ಲ ಅಂಥ ಒಂದೇ ರೆಫರೆನ್ಸ್ ಜೋಡಣೆ ಸಾಲದೆ ಅದು ದಾರಿ ತಪ್ಪುತ್ತದೆ. ಅಲ್ಲಿ ಎರಡು ವೇಲೆನ್ಸ್ ಎಲೆಕ್ಟ್ರಾನ್‌ಗಳಿಗೆ ಫುಲ್ ಸಿಐ (ಸಾಧ್ಯವಿರುವ ಎಲ್ಲ ಜೋಡಣೆಗಳನ್ನೂ ಸೇರಿಸುವ ಲೆಕ್ಕ) ಮಾಡಿ, ಒಳಗಿನ ಎಲೆಕ್ಟ್ರಾನ್‌ಗಳನ್ನು ಕೋರ್ ಪೊಟೆನ್ಶಿಯಲ್‌ಗೂ ಕೋರ್ ಪೋಲರೈಸೇಶನ್ ಪದಕ್ಕೂ ಒಪ್ಪಿಸುವುದೇ ಸರಿಯಾದ ದಾರಿ.

ಗ್ರಿಡ್ (ಲೆಕ್ಕ ಮಾಡಲು ಅಂತರದುದ್ದಕ್ಕೂ ಹಾಕುವ ಬಿಂದುಗಳ ಸಾಲು) ವಿಷಯ ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಪೊಟೆನ್ಶಿಯಲ್‌ನ ತಳದಲ್ಲಿ ಡಿ ಬ್ರೋಲಿ ತರಂಗದೂರ 0.14 ಬೋರ್. ಹೊರಗೆ ಅದು ನೂರಾರು, ಸಾವಿರಾರು ಬೋರ್‌ಗೆ ಹಿಗ್ಗುತ್ತದೆ. ಸಮಾನ ಹೆಜ್ಜೆಯ ಗ್ರಿಡ್ ಹಾಕಿದರೆ ಒಂದೋ ಒಳಗೆ ಬಿಂದು ಸಾಲುವುದಿಲ್ಲ, ಇಲ್ಲವೇ ಮೆಮೊರಿ ತುಂಬುತ್ತದೆ. ಸ್ಥಳೀಯ ತರಂಗದೂರಕ್ಕೆ ತಕ್ಕಂತೆ ಹೆಜ್ಜೆ ಬದಲಿಸುವ ಮ್ಯಾಪ್ಡ್ ಗ್ರಿಡ್ ಬಳಸಿ. ಆಮೇಲೆ ಪೆಟ್ಟಿಗೆಯ, ಅಂದರೆ ಗ್ರಿಡ್ ಚಾಚುವ ದೂರದ, ಗಾತ್ರ ಎರಡರಷ್ಟು ಮಾಡಿ ನೋಡಿ. ಮಟ್ಟ ಅಲುಗಾಡಿದರೆ ಆ ಅಂಕಿ ಇನ್ನೂ ಹಸಿಯಾಗಿದೆ.

ಹೈಪರ್‌ಫೈನ್ (ಪರಮಾಣು ಬೀಜದ ಸ್ಪಿನ್‌ನ ಪ್ರಭಾವ) ಸೇರಿಸಿ, ಹಲವು ಸ್ಪಿನ್ ಸ್ಥಿತಿಗಳನ್ನು ಒಟ್ಟಿಗೆ ಬಿಡಿಸುವ ಕಪಲ್ಡ್ ಚಾನೆಲ್ ಲೆಕ್ಕಕ್ಕೆ ಇಳಿದಾಗ 546.7 ಗಾಸ್‌ನ ಫೆಷ್‌ಬಾಕ್ ರೆಸೊನೆನ್ಸ್ (ಕಾಂತಕ್ಷೇತ್ರ ಆ ಬೆಲೆಗೆ ಬಂದಾಗ ಡಿಕ್ಕಿಯಾಗುವ ಜೋಡಿ ಮತ್ತು ಒಂದು ಬೌಂಡ್ ಸ್ಟೇಟ್ ಶಕ್ತಿಯಲ್ಲಿ ಸಮನಾಗುವುದು) ಒಳ್ಳೆಯ ಪರೀಕ್ಷೆ. ಅದನ್ನು ಮರಳಿ ಕೊಡದ ಪೊಟೆನ್ಶಿಯಲ್ ಬೇರೇನು ಕೊಟ್ಟರೂ ಅನುಮಾನದಿಂದಲೇ ನೋಡಬೇಕು. ಕೊಟ್ಟರೆ, ಬರೀ ರೆಡ್ಯೂಸ್ಡ್ ಮಾಸ್ (ಎರಡು ಪರಮಾಣುಗಳ ರಾಶಿ ಸೇರಿಸಿ ತೆಗೆದ ಪರಿಣಾಮಕ ರಾಶಿ) ಬದಲಿಸಿ ಬೇರೆ ಐಸೊಟೋಪ್‌ಗಳಿಗೂ ಹೋಗಬಹುದು. ಈ ಕ್ಷೇತ್ರದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಅದು.

ಕ್ವಾಂಟಮ್ ಕೆಮಿಸ್ಟ್ರಿಯ ನಿಜವಾದ ಬಲ ಕಾಣುವುದು ಮುಂದಿನ ಹಂತದಲ್ಲಿ. ಆ ರೆಸೊನೆನ್ಸ್ ಬಳಸಿ ಕಟ್ಟಿದ ಫೆಷ್‌ಬಾಕ್ ಅಣು ಸಡಿಲವಾದ, ಹೆಚ್ಚುಪಾಲು ಟ್ರಿಪ್ಲೆಟ್ ಗುಣದ ಜೋಡಿ. ತಲುಪಬೇಕಾದದ್ದು 7.7 ಬೋರ್ ಅಂತರದ ಸಿಂಗ್ಲೆಟ್ ತಳ, 125 ಟೆರಾಹರ್ಟ್ಸ್ ಕೆಳಗೆ. ಸ್ಟಿರ್ಯಾಪ್‌ನಲ್ಲಿ (ಎರಡು ಲೇಸರ್‌ಗಳಿಂದ ಅಣುವನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗಿಸುವ ವಿಧಾನದಲ್ಲಿ) 970 ಮತ್ತು 690 ನ್ಯಾನೋಮೀಟರ್‌ನ ಎರಡು ಲೇಸರ್‌ಗಳು ಈ ಕಂದಕ ದಾಟಿಸುತ್ತವೆ. ಮೊದಲು ಹೊತ್ತಿಸುವುದು ತಳಕ್ಕೆ ಜೋಡಿಸುವ 690ರ ಲೇಸರ್ ಅನ್ನು. ಕ್ರಮ ತಿರುವುಮುರುವಾದರೆ ನಡುವಿನ ಉದ್ರಿಕ್ತ ಸ್ಥಿತಿ ತುಂಬಿ ಅಣುಗಳು ಸೋರಿಹೋಗುತ್ತವೆ. ಆ ನಡುವಿನ ಸ್ಥಿತಿಯಲ್ಲಿ ಸಿಂಗ್ಲೆಟ್, ಟ್ರಿಪ್ಲೆಟ್ ಎರಡೂ ಬೆರೆತಿರಬೇಕು. ಬೆರೆಸುವುದು ಸ್ಪಿನ್-ಆರ್ಬಿಟ್ (ಎಲೆಕ್ಟ್ರಾನ್‌ನ ಸ್ಪಿನ್‌ಗೂ ಕಕ್ಷೆಯ ಚಲನೆಗೂ ಇರುವ ನಂಟು), ಮುಖ್ಯವಾಗಿ ರುಬಿಡಿಯಂನದು: ಪರಮಾಣುವಿನಲ್ಲಿ 237.6 ವೇವ್‌ನಂಬರ್. ಪೊಟ್ಯಾಸಿಯಂನದು 57.7 ಮಾತ್ರ. ಯಾವ ಕಂಪನ ಮಟ್ಟದ ಸುತ್ತ ಹುಡುಕಬೇಕು, ಎರಡೂ ಕಡೆ ಟ್ರಾನ್ಸಿಶನ್ ಡೈಪೋಲ್ (ಬೆಳಕು ಆ ಜಿಗಿತವನ್ನು ಎಷ್ಟು ಬಲವಾಗಿ ಮಾಡಿಸುತ್ತದೆ ಎಂಬ ಅಳತೆ) ಎಷ್ಟು ಎಂದು ಥಿಯರಿ ಹೇಳದಿದ್ದರೆ ಲೇಸರ್ ಹಿಡಿದು ಕತ್ತಲಲ್ಲಿ ತಡಕಾಡಿದ ಹಾಗೆ. ಶೇ 1 ತಪ್ಪು ಇಲ್ಲಿ ಲೆಕ್ಕವನ್ನು ಕೆಡಿಸುವುದಿಲ್ಲ.

ಡೈಪೋಲ್ ಮೊಮೆಂಟ್ (ಅಣುವಿನ ಎರಡು ತುದಿಗಳ ವಿದ್ಯುದಂಶ ಎಷ್ಟು ಬೇರೆಯಾಗಿದೆ ಎಂಬ ಅಳತೆ) ಕೂಡ ಹಾಗೆಯೇ, ಸಣ್ಣ ತಪ್ಪಿಗೆ ಕೆಡುವುದಿಲ್ಲ. ಅಳೆದ ಬೆಲೆ 0.57 ಡಿಬೈ (ಅದರ ಮಾನ). ಆದರೆ ವಿದ್ಯುತ್ ಕ್ಷೇತ್ರವಿಲ್ಲದ ತಳದ ಆವರ್ತನ (ಅಣು ತಿರುಗುವ) ಸ್ಥಿತಿಯಲ್ಲಿ ಪ್ರಯೋಗಾಲಯದ ದೃಷ್ಟಿಯಿಂದ ಡೈಪೋಲ್ ಸೊನ್ನೆ. ಆವರ್ತನ ಸ್ಥಿರಾಂಕ 1.114 ಗಿಗಾಹರ್ಟ್ಸ್ ಇರುವುದರಿಂದ ಸೆಂಟಿಮೀಟರಿಗೆ 4 ಕಿಲೋವೋಲ್ಟ್ ಆಸುಪಾಸು ಹಾಕಿದಾಗಲೇ ಅಣು ಸರಿಯಾಗಿ ಒಂದು ಕಡೆ ವಾಲುವುದು. 0.57 ಅನ್ನು ನೇರ ಡೈಪೋಲ್-ಡೈಪೋಲ್ ಸೂತ್ರಕ್ಕೆ ತುರುಕಿದ ಲೆಕ್ಕಗಳನ್ನು ಕಂಡಾಗ ಸಂಕಟವಾಗುತ್ತದೆ.

ಕೊನೆಗೆ ಅಣುಗಳು ನಾಶವಾಗುವ ವಿಚಾರ. ಇಂಥ ಎರಡು ಅಣು ಸೇರಿ ಒಂದು ಪೊಟ್ಯಾಸಿಯಂ ಜೋಡಿ, ಒಂದು ರುಬಿಡಿಯಂ ಜೋಡಿ ಆಗುವ ಕ್ರಿಯೆಯಲ್ಲಿ ಸುಮಾರು 10 ವೇವ್‌ನಂಬರ್ ಶಕ್ತಿ ಬಿಡುಗಡೆಯಾಗುತ್ತದೆ. ಬರೀ 10! ನೇರ ಲೆಕ್ಕದ ತಪ್ಪು ಇದಕ್ಕಿಂತ ದೊಡ್ಡದು, ಆದ್ದರಿಂದ ಚಿಹ್ನೆಯನ್ನು (ಶಕ್ತಿ ಹೊರಬರುತ್ತದೆಯೋ, ಒಳಗೆ ಬೇಕಾಗುತ್ತದೆಯೋ ಎಂಬುದನ್ನು) ಕೂಡ ಅದರಿಂದ ಖಚಿತಪಡಿಸಲಾಗದು. ಮೂರೂ ಅಣುಗಳ ಬಂಧಶಕ್ತಿಯನ್ನು ಸ್ಪೆಕ್ಟ್ರೋಸ್ಕೋಪಿಯಿಂದ ತಂದು ಕಳೆದಾಗಲೇ ಅದು ಗೊತ್ತಾಗುವುದು. ಸೋಡಿಯಂ-ಪೊಟ್ಯಾಸಿಯಂ, ರುಬಿಡಿಯಂ-ಸೀಸಿಯಂಗಳಲ್ಲಿ ಈ ಕ್ರಿಯೆಗೆ ಶಕ್ತಿಯೇ ಸಾಲದು, ಆದರೂ ಡಿಕ್ಕಿಯಲ್ಲಿ ಅಣುಗಳು ಕಳೆದುಹೋಗುತ್ತವೆ. ಡಿಕ್ಕಿಯಲ್ಲಿ ಎರಡು ಅಣು ಅಂಟಿ ಆಗುವ ನಾಲ್ಕು ಪರಮಾಣುಗಳ ಮುದ್ದೆ ಎಷ್ಟು ಹೊತ್ತು ಬದುಕುತ್ತದೆ, ಹಿಡಿದಿಡುವ ಲೇಸರ್ ಬೆಳಕೇ ಅದನ್ನು ಒಡೆಯುತ್ತದೆಯೇ ಎಂಬುದು ಅಣುವಿನಿಂದ ಅಣುವಿಗೆ ಬದಲಾಗುತ್ತಿದೆ. ಹೊಸದಾಗಿ ಲೆಕ್ಕಕ್ಕೆ ಕೂರುವವರು ಕೈ ಹಾಕಬೇಕಾದದ್ದು ಅಲ್ಲಿಗೆ.