ಆರು ಗಂಟೆ ಒಂದು ನಿಮಿಷ

ಜೂನ್ 30, ಸಂಜೆ ಆರು ಗಂಟೆ. ಇದು ನ್ಯೂಯಾರ್ಕ್ ಗಡಿಯಾರದ ಲೆಕ್ಕ. ನಮ್ಮಲ್ಲಿ ಆಗ ಜುಲೈ 1ರ ಬೆಳಗಿನ ಜಾವ ಮೂರೂವರೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಕರಾರು ಮುಗಿಯುತ್ತಿರುವ ಆಟಗಾರರ ಜೊತೆ ಬೇರೆ ತಂಡಗಳು ಮಾತಾಡಬಹುದಾದ ಮೊದಲ ಗಳಿಗೆ ಅದು. ಅದಕ್ಕೆ ಮುಂಚೆ ಆಟಗಾರನ ಹತ್ತಿರವಾಗಲಿ, ಅವನ ಏಜೆಂಟ್ ಹತ್ತಿರವಾಗಲಿ ಆ ವಿಷಯ ಎತ್ತುವಂತಿಲ್ಲ. ಎತ್ತಿದರೆ ಅದು ಟ್ಯಾಂಪರಿಂಗ್, ಅಂದರೆ ಅಪರಾಧ.

ಆರು ಗಂಟೆ ಒಂದು ನಿಮಿಷಕ್ಕೆ ಸುದ್ದಿಗಳು ಸುರಿಯತೊಡಗುತ್ತವೆ. ಇಂಥವನು ಇಂಥ ತಂಡಕ್ಕೆ. ನಾಲ್ಕು ವರ್ಷ, ಇಷ್ಟು ಕೋಟಿ ಡಾಲರ್. ಕೊನೆಯ ವರ್ಷ ಇರುವುದೋ ಬಿಡುವುದೋ ಅವನಿಗೇ ಬಿಟ್ಟದ್ದು. ಇಷ್ಟೆಲ್ಲ ಅರವತ್ತು ಸೆಕೆಂಡಿನಲ್ಲಿ ಚೌಕಾಸಿ ಮಾಡಿ ಮುಗಿಸಿದರು ಅಂತ ನಾವು ನಂಬಬೇಕು. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರ ಇರುತ್ತಲ್ವಾ, ಹಾಗೆ. ಸೋದರಮಾವಂದಿರು ಎಲ್ಲ ಮಾತಾಡಿ ಮುಗಿಸಿರುತ್ತಾರೆ, ಛತ್ರಕ್ಕೆ ಅಡ್ವಾನ್ಸೂ ಹೋಗಿರುತ್ತದೆ. ಆದರೂ ಉಪ್ಪಿಟ್ಟು, ಕೇಸರಿಬಾತ್ ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಅಂತ ಎದ್ದು ಬರಬೇಕು.

ಈ ನಿಯಮ ಸುಮ್ನೆ ಹುಟ್ಟಿದ್ದಲ್ಲ. ಒಬ್ಬ ಆಟಗಾರ ಒಂದು ತಂಡದ ಸಂಬಳ ತಿನ್ನುತ್ತಾ ಮನಸ್ಸಿನಲ್ಲಿ ಇನ್ನೊಂದು ಊರಿನ ಮನೆ ಬಾಡಿಗೆ ವಿಚಾರಿಸುತ್ತಿದ್ದರೆ ಹೇಗೆ ಆಡುತ್ತಾನೆ? ಲಾಸ್ ಏಂಜಲಿಸ್‌ನಂಥ ಊರು ಕಣ್ಣು ಮಿಟುಕಿಸಿದರೆ ಮಿಲ್ವಾಕಿಯಂಥ ಊರಿನ ಗತಿ ಏನು? ಕಾಳಜಿ ಸರಿಯಾದದ್ದೇ. ತೊಂದರೆ ಇರುವುದು ಕಳ್ಳನನ್ನು ಹಿಡಿಯುವುದರಲ್ಲಿ.

ಲೀಗ್‌ಗೆ ಸುಲಭವಾಗಿ ಸಿಕ್ಕಿಬೀಳುವವರು ಬೇರೆ ತಂಡದ ಆಟಗಾರನನ್ನು ಬಾಯಿಬಿಟ್ಟು ಹೊಗಳುವವರು. 2018ರಲ್ಲಿ ಲಾಸ್ ಏಂಜಲಿಸ್‌ನ ಲೇಕರ್ಸ್ ತಂಡದ ಮುಖ್ಯಸ್ಥರಾಗಿದ್ದ ಮ್ಯಾಜಿಕ್ ಜಾನ್ಸನ್, ಮಿಲ್ವಾಕಿಯ ಯಾನಿಸ್ ಅಂಟೆಟೊಕೂಂಪೊ ಆ ಊರಿಗೆ ಒಂದು ದಿನ ಚಾಂಪಿಯನ್ ಪಟ್ಟ ತಂದುಕೊಡುತ್ತಾನೆ ಎಂದರು. 50,000 ಡಾಲರ್ ದಂಡ ಬಿತ್ತು. 2021ರಲ್ಲಿ ಯಾನಿಸ್ ತಂದೇ ಕೊಟ್ಟ. ದಂಡದ ದುಡ್ಡು ವಾಪಸ್ ಬಂದ ಸುದ್ದಿ ನಾನಂತೂ ಓದಲಿಲ್ಲ. 2019ರಲ್ಲಿ ಕ್ಲಿಪ್ಪರ್ಸ್ ಕೋಚ್ ಡಾಕ್ ರಿವರ್ಸ್ ಟಿವಿಯಲ್ಲಿ ಕವಾಯ್ ಲೆನರ್ಡ್‌ನನ್ನು ಮೈಕಲ್ ಜೋರ್ಡನ್‌ಗೆ ಹೋಲಿಸಿದರು. ಅವರ ತಂಡಕ್ಕೂ 50,000. ಆ ಜುಲೈನಲ್ಲೇ ಲೆನರ್ಡ್ ಅವರ ತಂಡ ಸೇರಲು ಒಪ್ಪಿದ, ಹಾಗಾಗಿ ಇದನ್ನು ಬರೀ ಹೊಗಳಿಕೆ ಅನ್ನುವುದೂ ಕಷ್ಟ. ನನಗೆ ತುಂಬಾ ಇಷ್ಟವಾದದ್ದು ಆಗ ಫಿಲಡೆಲ್ಫಿಯಾ ತಂಡದ ಮುಖ್ಯಸ್ಥರಾಗಿದ್ದ ಡ್ಯಾರಿಲ್ ಮೋರಿಯವರ ಕಥೆ. ಅವರು ಹಿಂದೆ ಹ್ಯೂಸ್ಟನ್‌ನಲ್ಲಿದ್ದವರು. ಅಲ್ಲಿನ ಜೇಮ್ಸ್ ಹಾರ್ಡನ್ ಮಾಡಿದ್ದ ಒಂದು ದಾಖಲೆಯ ವಾರ್ಷಿಕೋತ್ಸವಕ್ಕೆ ಅವರ ಟ್ವಿಟರ್ ಖಾತೆಯಿಂದ ಅಭಿನಂದನೆ ತಾನಾಗಿ ಹೊರಟುಹೋಯಿತು. 2020ರ ಡಿಸೆಂಬರ್ ಅದು. ಹಾರ್ಡನ್ ಬೇರೆ ತಂಡಕ್ಕೆ ಕಳಿಸಿ ಎಂದು ಹಟ ಹಿಡಿದಿದ್ದ ಕಾಲ. ಯಂತ್ರ ಮಾಡಿದ ತಪ್ಪಿಗೆ ಮನುಷ್ಯ 50,000 ಡಾಲರ್ ತೆತ್ತ.

ನಿಜವಾದ ಮಾತುಕತೆ ಹೀಗೆ ಬಯಲಿನಲ್ಲಿ ನಡೆಯುವುದಿಲ್ಲವಲ್ಲ. 2019ರ ಬೇಸಿಗೆಯಲ್ಲಿ ಗಂಟೆ ಹೊಡೆಯುವ ಮುಂಚೆಯೇ ದೊಡ್ಡ ದೊಡ್ಡ ಹೆಸರುಗಳ ಹೊಸ ವಿಳಾಸ ಜಗಜ್ಜಾಹೀರಾಗಿತ್ತು. ಮಾಲೀಕರೆಲ್ಲ ಸೇರಿ ಆ ಸೆಪ್ಟೆಂಬರ್‌ನಲ್ಲಿ ನಿಯಮ ಬಿಗಿ ಮಾಡಿದರು. ತಂಡಕ್ಕೆ ದಂಡದ ಮಿತಿ 1 ಕೋಟಿ ಡಾಲರ್. ಮೆಸೇಜು, ಮೇಲ್‌ಗಳನ್ನು ಒಂದು ವರ್ಷ ಅಳಿಸದೆ ಇಡಬೇಕು. ಪ್ರತಿ ವರ್ಷ ಐದು ತಂಡಗಳನ್ನು ಆರಿಸಿ ತಪಾಸಣೆ. ಓದಿದರೆ ಆದಾಯ ತೆರಿಗೆಯವರು ಬಂದ ಹಾಗೆ ಮೈ ಜುಂ ಅನ್ನುತ್ತದೆ. ಆದರೆ ತಪಾಸಣೆ ಮಾಡುವ ಲೀಗ್‌ಗೆ ಧಣಿಗಳು ಯಾರು? ಇದೇ ಮಾಲೀಕರು.

ಮೊದಲು ಜೋರಾಗಿ ಪೆಟ್ಟು ತಿಂದದ್ದು ತಮಾಷೆಯೆಂದರೆ ಮಿಲ್ವಾಕಿಯೇ. ಕೋವಿಡ್‌ನಿಂದಾಗಿ 2020ರಲ್ಲಿ ಮಾತುಕತೆಯ ಗಳಿಗೆ ನವೆಂಬರ್ 20ಕ್ಕೆ ಹೋಗಿತ್ತು. ಯಾನಿಸ್ ಬಿಟ್ಟುಹೋದರೆ ಏನು ಗತಿ ಅಂತ ಊರೆಲ್ಲ ಹೆದರಿದ್ದ ಹೊತ್ತು. ನವೆಂಬರ್ 16ಕ್ಕೇ ಸುದ್ದಿ ಬಂತು: ಸ್ಯಾಕ್ರಮೆಂಟೊದ ಬೊಗ್ಡಾನ್ ಬೊಗ್ಡಾನೊವಿಚ್ ಮಿಲ್ವಾಕಿಗೆ ಬರುತ್ತಾನೆ. ಗಳಿಗೆಗೆ ಇನ್ನೂ ನಾಲ್ಕು ದಿನ ಇತ್ತು! ಅವನ ಕಡೆಯವರು ನಾವು ಒಪ್ಪಿಯೇ ಇಲ್ಲ ಅಂದರು. ವ್ಯವಹಾರ ಮುರಿದುಬಿತ್ತು. ಲೀಗ್ ವಿಚಾರಣೆ ನಡೆಸಿ ಮಿಲ್ವಾಕಿಯಿಂದ 2022ರ ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ದಿನದ, ಎರಡನೇ ಸುತ್ತಿನ ಆಯ್ಕೆಯೊಂದನ್ನು ಕಿತ್ತುಕೊಂಡಿತು. ಹುಡುಗ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಕರಾರಿಗೆ ಅಟ್ಲಾಂಟಾ ಸೇರಿದ. ಮುಂದಿನ ಬೇಸಿಗೆಯಲ್ಲಿ ಅದೇ ಅಟ್ಲಾಂಟಾವನ್ನು ಸೋಲಿಸಿ ಮಿಲ್ವಾಕಿ ಫೈನಲ್‌ಗೆ ಹೋಯಿತು, ಗೆದ್ದಿತು. ಹೀಗಿರುವಾಗ ಶಿಕ್ಷೆ ಯಾರಿಗೆ ಆಯಿತು ಅಂತ ಕೇಳಿದರೆ ನಾನು ಏನು ಹೇಳಲಿ?

ನಮ್ಮ ಐಪಿಎಲ್‌ನಲ್ಲಿ ಲೆಕ್ಕ ಬೇರೆ ಇತ್ತು. 2010ರಲ್ಲಿ ರವೀಂದ್ರ ಜಡೇಜ ರಾಜಸ್ಥಾನ ರಾಯಲ್ಸ್ ಬಿಟ್ಟು ಬೇರೆ ತಂಡದ ಜೊತೆ ನೇರವಾಗಿ ಮಾತಾಡಿದ ಎಂದು ಇಡೀ ಸೀಸನ್ ಹೊರಗೆ ಕೂರಿಸಿದರು. ಮಾತು ಅಂದಮೇಲೆ ಆ ಕಡೆಯೂ ಒಬ್ಬರು ಇರಬೇಕಲ್ಲ. ಪೆಟ್ಟು ಬಿದ್ದದ್ದು ಇಪ್ಪತ್ತೊಂದರ ಹುಡುಗನಿಗೆ. ಎನ್‌ಬಿಎ ಎಷ್ಟೇ ನಾಟಕ ಮಾಡಲಿ, ತಂಡದ ಕಿವಿ ಹಿಂಡುತ್ತದೆ, ಆಟಗಾರನ ಹೊಟ್ಟೆಗೆ ಹೊಡೆಯುವುದಿಲ್ಲ. ಅಷ್ಟು ಮಟ್ಟಿಗೆ ಅವರೇ ವಾಸಿ.

ಈ ನಿಯಮ ಪೂರ್ತಿ ಸುಸ್ತಾದದ್ದು 2022ರಲ್ಲಿ, ನ್ಯೂಯಾರ್ಕ್‌ನಲ್ಲಿ. ಡಲ್ಲಾಸ್‌ನ ಜೇಲನ್ ಬ್ರನ್ಸನ್‌ನನ್ನು ನಿಕ್ಸ್ ತಂಡಕ್ಕೆ ಕರೆತರಬೇಕಿತ್ತು. ತಂಡದ ಅಧ್ಯಕ್ಷ ಲಿಯಾನ್ ರೋಸ್ ಹಿಂದೆ ಏಜೆಂಟ್. ಜೇಲನ್ ತಂದೆ ರಿಕ್ ಬ್ರನ್ಸನ್ ಅವರ ಹಳೆಯ ಗಿರಾಕಿ. ರೋಸ್ ಅವರ ಮಗ ಸ್ಯಾಮ್, ಜೇಲನ್‌ನ ಏಜೆಂಟರಲ್ಲಿ ಒಬ್ಬ. ಅದೇ ಜೂನ್‌ನಲ್ಲಿ ರಿಕ್ ಅವರಿಗೆ ನಿಕ್ಸ್‌ನಲ್ಲಿ ಸಹಾಯಕ ಕೋಚ್ ಕೆಲಸ ಸಿಕ್ಕಿತು. ಈಗ ಹೇಳಿ, ಅಪ್ಪ ಮಗನಿಗೆ ಫೋನ್ ಮಾಡಿ "ಊಟ ಆಯ್ತೇನಪ್ಪಾ" ಅಂದರೆ ಅದು ಯೋಗಕ್ಷೇಮವೋ ಟ್ಯಾಂಪರಿಂಗೋ? ಹೊಸ ಆಫೀಸ್ ಹೇಗಿದೆ ಅಂತ ಮಗ ಅಪ್ಪನನ್ನು ಕೇಳಬಹುದೋ, ಇಲ್ಲ ಜೂನ್ 30ರ ಸಂಜೆ ಆರರವರೆಗೆ ಇಬ್ಬರೂ ಹವಾಮಾನದ ಬಗ್ಗೆ ಮಾತ್ರ ಮಾತಾಡಬೇಕೋ? ಯಾವ ತಪಾಸಣೆಯವನು ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಾನೆ?

ನಾಲ್ಕು ವರ್ಷಕ್ಕೆ 10.4 ಕೋಟಿ ಡಾಲರ್‌ಗೆ ಜೇಲನ್ ಬಂದ. ಡಿಸೆಂಬರ್‌ನಲ್ಲಿ ಲೀಗ್ ತೀರ್ಪು ಕೊಟ್ಟಿತು: 2025ರ ಎರಡನೇ ಸುತ್ತಿನ ಒಂದು ಆಯ್ಕೆ ರದ್ದು. ಆ 2025ರಲ್ಲೇ ನಿಕ್ಸ್ 2000ದ ನಂತರ ಮೊದಲ ಸಲ ಕಾನ್ಫರೆನ್ಸ್ ಫೈನಲ್‌ಗೆ, ಅಂದರೆ ಫೈನಲ್‌ನ ಹಿಂದಿನ ಸುತ್ತಿಗೆ ಹೋಯಿತು, ಜೇಲನ್ ಹೆಗಲ ಮೇಲೆ. ಇಷ್ಟು ಅಗ್ಗಕ್ಕೆ ಸಿಕ್ಕರೆ ಯಾರು ತಾನೇ ನಿಯಮ ಪಾಲಿಸುತ್ತಾರೆ? ಎರಡನೇ ಸುತ್ತಿನವರಲ್ಲಿ ಹೆಚ್ಚಿನವರು ಲೀಗ್‌ನಲ್ಲಿ ಬಹಳ ಕಾಲ ಉಳಿಯುವುದಿಲ್ಲ, ಅದಕ್ಕೇ ತಂಡಗಳು ಈ ಶಿಕ್ಷೆಯನ್ನು ಚಿಲ್ಲರೆ ಅಂತ ನೋಡುತ್ತವೆ. ಆದರೆ 2018ರಲ್ಲಿ ಜೇಲನ್ ಬ್ರನ್ಸನ್‌ನನ್ನು ಡಲ್ಲಾಸ್ ಆರಿಸಿದ್ದು ಎಷ್ಟನೆಯವನಾಗಿ ಗೊತ್ತಾ? 33. ಎರಡನೇ ಸುತ್ತು!

ಈ ಶಿಕ್ಷೆಗಳಿಂದ ಕಣ್ಣಿಗೆ ಕಾಣುವ ಒಂದು ಬದಲಾವಣೆ ಡ್ರಾಫ್ಟ್ ದಿನ ಗೊತ್ತಾಗುತ್ತದೆ. 60 ಹುಡುಗರ ಹೆಸರು ಕೂಗಬೇಕಾದ ಕಡೆ 2022ರಲ್ಲಿ 58 ಹೆಸರು. 2023ರಲ್ಲೂ 58. ಯಾರೋ ದೊಡ್ಡವರು ಹೊತ್ತಿಗೆ ಮುಂಚೆ ಫೋನ್ ಮಾಡಿದ್ದಕ್ಕೆ ಪ್ರತಿ ಸಲ ಇಬ್ಬರು ಹುಡುಗರ ಹೆಸರು ಬಿಟ್ಟುಹೋಯಿತು. ಹಾಗಂತ ಅವರ ಕಥೆ ಮುಗಿಯುವುದಿಲ್ಲ ಅನ್ನಿ. ಹೆಸರು ಕೂಗದೆ ಉಳಿದವರು ತಮಗೆ ಬೇಕಾದ ತಂಡ ಸೇರಿಕೊಳ್ಳಬಹುದು, ಡ್ರಾಫ್ಟ್ ಮುಗಿದ ರಾತ್ರಿಯೇ ಅವರಿಗೆ ಫೋನ್ ಬರತೊಡಗುತ್ತವೆ. ಆ ಫೋನ್‌ಗಳಿಗೆ ಯಾರೂ ಗಂಟೆ ನೋಡುವುದಿಲ್ಲ.