ಕೂತರೆ ಸಾಹಸ, ಎದ್ದರೆ ಸುಲಿಗೆ

ಇಂಗ್ಲಿಷಿನಲ್ಲಿ ‘ಎಕ್ಸ್‌ಪ್ಲಾಯ್ಟ್’ ಎಂಬ ಪದವಿದೆ. ನಾಮಪದವಾಗಿ ಗದ್ದುಗೆಯ ಮೇಲೆ ಕೂತಾಗ ಅದರ ಅರ್ಥ ಸಾಹಸ, ವೀರರ ಪರಾಕ್ರಮ. ಎದ್ದು ಕೆಲಸಕ್ಕೆ ಹೊರಟು ಕ್ರಿಯಾಪದವಾಯಿತೋ, ಶೋಷಣೆ. ನಮ್ಮ ಅನೇಕ ನಾಯಕರ ಜೀವನ ಚರಿತ್ರೆಯನ್ನು ಇಷ್ಟು ಚಿಕ್ಕದಾಗಿ ಬೇರೆ ಯಾರೂ ಬರೆದಿಲ್ಲ.

ಹುಟ್ಟಿದಾಗ ಅದು ಪಾಪದ ಪದ. ಲ್ಯಾಟಿನ್‌ ತವರಿನಲ್ಲಿ ‘ಮಡಿಕೆ ಬಿಚ್ಚು’ ಎಂದಷ್ಟೇ ಅರ್ಥ. ಫ್ರೆಂಚರ ಮನೆ ಸೇರಿದ ಮೇಲೆ ಲಾಭ, ಸಾಧನೆ ಎಂದಾಯಿತು. ಆಮೇಲೆ ಹೊಲ, ಗಣಿಗಳಿಂದ ಫಲ ತೆಗೆಯುವುದಕ್ಕೂ ಅದನ್ನೇ ಹಚ್ಚಿದರು. 19ನೇ ಶತಮಾನದಲ್ಲಿ ಫ್ರಾನ್ಸಿನ ಸಮಾಜವಾದಿಗಳು ‘ಅದಿರು ತೆಗೆದ ಹಾಗೆ ಮನುಷ್ಯರಿಂದಲೂ ತೆಗೆಯುತ್ತಿದ್ದೀರಲ್ಲ’ ಎಂದು ತಕರಾರು ಎತ್ತಿದ ಮೇಲೆ ಪದದ ಮರ್ಯಾದೆ ಹೋಯಿತು. ಮರ್ಯಾದೆ ಹೋದದ್ದು ಪದದ್ದು ಮಾತ್ರ.

ನಮ್ಮ ‘ಶೋಷಣೆ’ ಸಂಸ್ಕೃತದಿಂದ ಬಂದದ್ದು. ಒಣಗಿಸುವುದು ಎಂದು ಅದರ ಮೂಲಾರ್ಥ. ಮನ್ಮಥನ ಐದು ಬಾಣಗಳಲ್ಲಿ ಒಂದರ ಹೆಸರೂ ಶೋಷಣವೇ. ತಾಗಿದವರು ವಿರಹದಿಂದ ಒಣಗುತ್ತಾರಂತೆ. ಅಲ್ಲಿ ಕಡೆಗೆ ಮಿಲನದ ಆಸೆಯಾದರೂ ಇರುತ್ತದೆ, ಕೂಲಿಯವನಿಗೆ ಅದೂ ಇಲ್ಲ.

ಇಂಗ್ಲಿಷ್ ಪದದ ಎಲ್ಲ ಅರ್ಥಗಳನ್ನೂ ಒಂದೇ ಕಡೆ ನೋಡಲು ನಿಘಂಟು ಬೇಡ, ಬಳ್ಳಾರಿ ಸಾಕು. ಗುಡ್ಡ ಬಗೆದರು, ಒಂದು ಅರ್ಥ ಮುಗಿಯಿತು. ಕೆಂಧೂಳು ಕುಡಿದು ಅದಿರು ಒಡೆದವರ ಎದೆಯಲ್ಲಿ ಇನ್ನೊಂದು ಅರ್ಥ ಕೆಮ್ಮಿತು. ಕಂಪ್ಯೂಟರಿನವರು ವ್ಯವಸ್ಥೆಯಲ್ಲಿ ಕಿಂಡಿ ಹುಡುಕಿ ನುಗ್ಗುವ ತಂತ್ರಕ್ಕೂ ಇದೇ ಪದ ಬಳಸುತ್ತಾರೆ. ಪರ್ಮಿಟ್ಟಿಲ್ಲದೆ ಹೊರಟ, ಮಿತಿ ಮೀರಿ ತುಂಬಿದ ಲಾರಿಗಳಿಗೆ ಆ ಕಿಂಡಿ ಕಂಪ್ಯೂಟರಿಲ್ಲದೆಯೇ ಸಿಕ್ಕಿತ್ತು. ಉಳಿದದ್ದು ಸಾಹಸ. ಅದನ್ನು ನಾವೇ ಒದಗಿಸಿದೆವು. ಹೆಲಿಕಾಪ್ಟರ್ ಇಳಿದಾಗ ಕತ್ತೆತ್ತಿ ನೋಡಿದೆವು, ಹಾರ ಹಿಡಿದು ನಿಂತೆವು, ‘ಗಣಿಧಣಿ’ ಎಂದು ಕರೆದೆವು. ಕಳ್ಳನಿಗೆ ಧಣಿ ಎನ್ನುವ ಸೌಜನ್ಯ ಇಂಗ್ಲಿಷಿಗೂ ಇಲ್ಲ! ಎರಡು ಅಕ್ಷರದ ಪ್ರಾಸಕ್ಕಾಗಿ ಇಡೀ ಗುಡ್ಡವನ್ನೇ ಕೊಟ್ಟ ಕಾವ್ಯಪ್ರಿಯರು ನಾವು.

2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು. ರಾಜ್ಯದ ಬೊಕ್ಕಸಕ್ಕೆ 16,000 ಕೋಟಿ ರೂಪಾಯಿಗೂ ಮಿಕ್ಕ ನಷ್ಟ ಎಂದಿತು. ಶೋಷಣೆ ಎಂದರೆ ಒಣಗಿಸುವುದು ಎಂಬುದಕ್ಕೆ ಬೊಕ್ಕಸಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಲ್ಯಾಟಿನ್ ಅರ್ಥವೊಂದು ಬಾಕಿ ಉಳಿದಿತ್ತು, ಅದನ್ನು ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರು ತೀರಿಸಿಕೊಟ್ಟಿತು. 2010ರಲ್ಲಿ ಅಲ್ಲಿ ಅರಣ್ಯ ಇಲಾಖೆ ಲಕ್ಷಾಂತರ ಟನ್ ಅದಿರನ್ನು ಮುಟ್ಟುಗೋಲು ಹಾಕಿಕೊಂಡಿತು. ಕಡತದಲ್ಲಿ ಅದಿರು ಸುರಕ್ಷಿತವಾಗಿ ಮಡಿಸಿಟ್ಟಂತೆ ಇತ್ತು. ಬಂದರಿನಲ್ಲಿ ಅದು ತಾನಾಗಿಯೇ ಮಡಿಕೆ ಬಿಚ್ಚಿಕೊಂಡು, ರಾಶಿಯಿಂದ ಹಡಗಿಗೆ, ಹಡಗಿನಿಂದ ಕಡಲಿಗೆ ಹೊರಟುಹೋಯಿತು. ಕಾವಲಿಗೆ ಸರ್ಕಾರವೇ ಇತ್ತು.