ರೆಫ್‌ಸೆಲ್‌ಗೆ ಮೊದಲ ಮಣೆ ಹಾಕಬೇಕೇ?

ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿಗೆ ನಾವಿಬ್ಬರು ಗೆಳೆಯರು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ರೋಗ್ರಾಂ ಬರೆದೆವು. ಯಾವ ಲೇತ್ ಮಷಿನ್‌ನಿಂದ ಎಷ್ಟು ಜಾಬ್ (ತಯಾರಾದ ಬಿಡಿಭಾಗ) ಬಂತು ಎಂದು ಎಣಿಸುವುದು ಅದರ ಕೆಲಸ. ಎಲ್ಲ ಒಂದೇ ಥ್ರೆಡ್, ಅಂದರೆ ಒಂದಾದ ಮೇಲೊಂದು ನಡೆಯುವ ಒಂದೇ ಕೆಲಸದ ಸರಣಿ. ಆ ಎಣಿಕೆಯನ್ನು ರೆಫ್‌ಸೆಲ್‌ನಲ್ಲಿ ಇಡಬೇಕೋ ಸೆಲ್‌ನಲ್ಲಿ ಇಡಬೇಕೋ ಎಂಬುದರಲ್ಲೇ ನಮ್ಮ ತಕರಾರು. ಎರಡೂ, ಹಂಚಿಕೊಂಡಿರುವ ವಸ್ತುವನ್ನು ಬದಲಿಸಲು ರಸ್ಟ್ ಕೊಡುವ ಡಬ್ಬಿಗಳಂಥ ಟೈಪ್‌ಗಳು. ಗೆಳೆಯ ರೆಫ್‌ಸೆಲ್ ಪರ, ನಾನು ವಿರೋಧ.

ಪರ

ಓದುವವರು ಎಷ್ಟು ಮಂದಿ ಇದ್ದರೂ ಸರಿ, ಬರೆಯುವವನಿದ್ದರೆ ಅವನೊಬ್ಬನೇ ಇರಬೇಕು. ಇದು ರಸ್ಟ್‌ನ ಕಟ್ಟಳೆ. ರೆಫ್‌ಸೆಲ್ ಇದನ್ನು ಮುರಿಯುವುದಿಲ್ಲ, ಕಂಪೈಲರ್ (ಕೋಡನ್ನು ಓಡುವ ರೂಪಕ್ಕೆ ತರುವ ತಂತ್ರಾಂಶ) ಮೊದಲೇ ಮಾಡುವ ತಪಾಸಣೆಯನ್ನು ಪ್ರೋಗ್ರಾಂ ಓಡುವಾಗ ಮಾಡುತ್ತದೆ ಅಷ್ಟೇ.

ಸೆಲ್ ತನ್ನೊಳಗಿನ ವಸ್ತುವಿನ ರೆಫರೆನ್ಸನ್ನೇ (ಅದು ಇರುವ ಜಾಗದ ವಿಳಾಸ) ಕೊಡುವುದಿಲ್ಲ. ಅಂಕಿಯಾದರೆ ನಕಲು ಸಿಗುತ್ತದೆ. ಸ್ಟ್ರಿಂಗ್ (ಅಕ್ಷರಗಳ ಸಾಲು) ಆದರೆ ಹೊರಗೆ ತೆಗೆದು, ನೋಡಿ, ಮತ್ತೆ ಒಳಗಿಡಬೇಕು. ಆಪರೇಟರ್ ಹೆಸರು ಓದಲು ಇಷ್ಟೆಲ್ಲ ಸರ್ಕಸ್ ಯಾಕೆ? ನಾಳೆ ಥ್ರೆಡ್ ಬೇಕಾದರೂ ರೆಫ್‌ಸೆಲ್ ಜಾಗಕ್ಕೆ, ಥ್ರೆಡ್‌ಗಳ ನಡುವೆಯೂ ಇದೇ ಕಟ್ಟಳೆ ಕಾಯುವ ಆರ್‌ಡಬ್ಲ್ಯೂಲಾಕ್ ತಂದರೆ ಕೋಡಿನ ಆಕಾರ ಹೆಚ್ಚುಕಡಿಮೆ ಅದೇ ಉಳಿಯುತ್ತದೆ.

ವಿರೋಧ

ಆ ತಪಾಸಣೆಯ ಬಿಸಿ ತಟ್ಟಿದ್ದು ನನಗೆ. ಮಷಿನ್‌ಗಳ ಪಟ್ಟಿ ಪೂರ್ತಿ ಒಂದು ರೆಫ್‌ಸೆಲ್‌ನಲ್ಲಿತ್ತು. ಅದನ್ನು ಓದಲು ಹಿಡಿದು ಲೂಪ್ ಓಡುತ್ತಿತ್ತು. ಪಾಳಿ ಬದಲಾದಾಗ ಮಾತ್ರ ಎಣಿಕೆ ಸೊನ್ನೆ ಮಾಡುವ ಫಂಕ್ಷನ್ ಅದೇ ಲೂಪಿನೊಳಗಿಂದ ಓಡಿ, ಅದೇ ಪಟ್ಟಿಯನ್ನು ಬರೆಯಲು ಕೇಳುತ್ತಿತ್ತು. ಹಗಲು ಟೆಸ್ಟ್ ಮಾಡುವಾಗ ಪಾಳಿ ಬದಲಾಗಲೇ ಇಲ್ಲ! ಕಂಪೈಲರ್ ತುಟಿ ಬಿಚ್ಚಲಿಲ್ಲ. ರಾತ್ರಿ ಪ್ರೋಗ್ರಾಂ ಪ್ಯಾನಿಕ್ ಆಗಿ ಬಿತ್ತು. ತಿಲಕವಾಡಿಯಿಂದ ಬೈಕ್ ಹತ್ತಿ ಓಡಿದೆ.

‘ಟ್ರೈ ಬಾರೋ ಮ್ಯೂಟ್ ಹಾಕು, ಪ್ಯಾನಿಕ್ ಆಗಲ್ಲ’ ಎಂದ ಗೆಳೆಯ. ಬರೆಯಲು ಸಿಗದಿದ್ದರೆ ಅದು ಪ್ರೋಗ್ರಾಂ ಬೀಳಿಸದೆ ಎರರ್ ಕೊಡುತ್ತದೆ. ಸರಿ, ಎರರ್ ಬಂದಾಗ ಏನು ಮಾಡಲಿ? ಹಳೇ ಪಾಳಿಯ ಲೆಕ್ಕವನ್ನು ಹೊಸ ಪಾಳಿಯವರ ತಲೆಗೆ ಕಟ್ಟಲೇ?

ಕೊನೆಗೆ ಪ್ರತಿ ಮಷಿನ್‌ನ ಎಣಿಕೆಯನ್ನಷ್ಟೇ ಸೆಲ್‌ಗೆ ಹಾಕಿದೆ. ಈಗ ಪಟ್ಟಿಯನ್ನು ಓದಲು ಹಿಡಿದಿದ್ದರೂ ಎಣಿಕೆ ಬದಲಿಸಬಹುದು. ಸೆಲ್ ರೆಫರೆನ್ಸ್ ಕೊಡುವುದಿಲ್ಲವಲ್ಲ, ಹಾಗಾಗಿ ಇಬ್ಬರು ಢಿಕ್ಕಿ ಹೊಡೆಯುವ ಪ್ರಶ್ನೆಯೇ ಇಲ್ಲ. ಗೆಳೆಯ ಸರ್ಕಸ್ ಎಂದದ್ದು ಇದನ್ನೇ. ಜಾಗವೂ ಉಳಿಯಿತು: 64 ಬಿಟ್ ಕಂಪ್ಯೂಟರಿನಲ್ಲಿ ಯು32 (32 ಬಿಟ್‌ನ, ಋಣವಲ್ಲದ) ಅಂಕಿ ಸೆಲ್‌ನಲ್ಲಿ 4 ಬೈಟ್, ರೆಫ್‌ಸೆಲ್‌ನಲ್ಲಿ ತಪಾಸಣೆಯ ಗುರುತೂ ಸೇರಿ 16. ನಮ್ಮ ಬೆರಳೆಣಿಕೆಯ ಮಷಿನ್‌ಗಳಿಗೆ ಅದೇನೂ ದೊಡ್ಡದಲ್ಲ ಬಿಡಿ.

ಥ್ರೆಡ್ ಮಾತು? ಎಣಿಕೆಗೆ, ಹಲವು ಥ್ರೆಡ್ ಒಟ್ಟಿಗೆ ಬದಲಿಸಿದರೂ ಕೆಡದ ಅಟಾಮಿಕ್ ಯು32 ಇದೆ, ಲಾಕ್ ಯಾಕೆ? ಶುರುವಿನಲ್ಲಿ ಒಮ್ಮೆ ತುಂಬಿ ಆಮೇಲೆ ಬದಲಾಗದ ಸೆಟ್ಟಿಂಗ್‌ಗಳಿಗೆ 2023ರಲ್ಲಿ ಬಂದ ರಸ್ಟ್ 1.70ರಿಂದ ಒನ್ಸ್‌ಲಾಕ್ ಇದೆ.

ಆಪರೇಟರ್ ಹೆಸರುಗಳ ಪಟ್ಟಿ ಇನ್ನೂ ರೆಫ್‌ಸೆಲ್‌ನಲ್ಲೇ ಇದೆ. ಅಷ್ಟರ ಮಟ್ಟಿಗೆ ಗೆಳೆಯ ಗೆದ್ದ.